ಕಲ್ಲುಸೇತುವೆಯೂ ಹಳ್ಳದ ತಲೆಯ ಕಾನೂ

ಕಾನಸೂರು ಸೀಮೆಯ ಶಾಲಾ ಪ್ರವಾಸಗಳು ಶ್ರೀರಂಗಪಟ್ಟಣದ ಕೋಟೆ, ದೇಗುಲ ನೋಡಿ ಮರಳುತ್ತವೆ; ಕಾವೇರಿಯ ವೆಲ್ಲೆಸ್ಲಿ ಸೇತುವೆಯತ್ತ ಬಸ್ಸು ತಿರುಗುವುದು ಅಪರೂಪ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಈ ಸೇತುವೆಗೆ ಕಮಾನುಗಳಿಲ್ಲ. ಸಾಲುಗಟ್ಟಿದ ಕಲ್ಲುಕಂಬ, ಮೇಲೆ ಕಲ್ಲಿನ ತೊಲೆ. ಮಲೆನಾಡಿನ ಅಡಕೆಮರದ ಸಂಕವೇ ಕಲ್ಲಾಗಿ ನಿಂತಂತೆ! ಎಷ್ಟೋ ನೆರೆಗಳನ್ನು ಅದು ತಾಳಿಕೊಂಡಿದೆ.

ಹಾಗೆಂದು ಕಲ್ಲು ಅಜರಾಮರವಲ್ಲ. ಶಿವನಸಮುದ್ರದ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. 2021ರ ಜುಲೈಯಲ್ಲಿ ಯಲ್ಲಾಪುರದ ಗುಳ್ಳಾಪುರ ಸೇತುವೆಯನ್ನು ಗಂಗಾವಳಿ ಒಯ್ದಾಗ ಆಚೆ ದಡದ ಹಳ್ಳಿಗಳ ಸಂಪರ್ಕವೇ ಕಡಿಯಿತು. ಹೊಸ ಸೇತುವೆಯ ಬೇಡಿಕೆ ನ್ಯಾಯವೇ. ಆದರೆ ಮೇಲಿನ ಕಾಡು ಬೋಳಾಗಿ ಮಳೆನೀರು ಒಮ್ಮೆಲೇ ಇಳಿದರೆ ಎಂಜಿನಿಯರರ ಲೆಕ್ಕ ತಪ್ಪುತ್ತದೆ. ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣದೊಡನೆ ಹಳ್ಳದ ತಲೆಯ ಕಾನಿನ ರಕ್ಷಣೆಗೂ ಒಂದು ಸಾಲು ಬೇಕು.