ಮರುಭೂಮಿಯ ಧೂಳು ವಿಮಾನದ ಎಂಜಿನ್ನನ್ನು ಕೆಡಿಸುವುದು ಹೇಗೆ?

ಯುದ್ಧವಿಮಾನ ಎಂದರೆ ನಮಗೆ ನೆನಪಾಗುವುದು ಪೈಲಟ್. ಆದರೆ ಮರುಭೂಮಿಯಲ್ಲಿ ಆ ಪೈಲಟ್‌ನ ಜೀವ ನೆಲದ ಮೇಲಿನ ಸಿಬ್ಬಂದಿಯ ಕೈಯಲ್ಲಿರುತ್ತದೆ.

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ನಂತರ ಅಮೆರಿಕದ ವಾಯುಪಡೆ ಸೌದಿ ಅರೇಬಿಯಾದ ಅಲ್ ಖರ್ಜ್‌ನಲ್ಲಿ ನೆಲೆ ಹೂಡಿತು. ಅಲ್ಲಿದ್ದದ್ದು ಹೆಚ್ಚುಕಡಿಮೆ ರನ್‌ವೇ ಮತ್ತು ವಿಮಾನ ನಿಲ್ಲಿಸುವ ಜಾಗ ಮಾತ್ರ. ಸುತ್ತಲೂ ಮರಳು. ಡೇರೆಗಳ ಊರನ್ನೇ ಕಟ್ಟಿಕೊಂಡು ಕೆಲಸ ಮಾಡಬೇಕಾಯಿತು.

ಧೂಳು ತಾನೇ, ಒರೆಸಿದರೆ ಆಯಿತಲ್ಲ ಎಂದುಕೊಳ್ಳಬೇಡಿ. ಎಂಜಿನ್ ಒಳಗೆ ನುಗ್ಗಿದ ಮರಳು ಮೊದಲು ಮುಂಭಾಗದ ಬ್ಲೇಡುಗಳನ್ನು ಉಜ್ಜಿ ಸವೆಸುತ್ತದೆ. ಮುಂದೆ, ಸುಮಾರು 1,200 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ನುಣುಪು ಧೂಳು ಕರಗಿ, ಟರ್ಬೈನ್ ಬ್ಲೇಡುಗಳಿಗೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಬ್ಲೇಡುಗಳನ್ನು ತಂಪಾಗಿಡುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಹಾರಾಟದ ನಡುವೆಯೇ.

ಇದನ್ನು ತಡೆಯುವ ಕೆಲಸಗಳು ನೋಡಲು ಸರಳ. ಸಿಬ್ಬಂದಿ ಸಾಲಾಗಿ ನಡೆಯುತ್ತಾ ನೆಲದ ಮೇಲಿನ ಕಲ್ಲು, ಸ್ಕ್ರೂಗಳನ್ನು ಹೆಕ್ಕುತ್ತಾರೆ. ವಿಮಾನ ನಿಂತ ಮೇಲೆ ಎಂಜಿನ್ನಿನ ಬಾಯಿಗೆ ಮುಚ್ಚಳ ಹಾಕುತ್ತಾರೆ. ಇಂಧನದಲ್ಲಿ ನೀರು, ಕಸ ಸೇರಿದೆಯೇ ಎಂದು ಪರೀಕ್ಷಿಸುತ್ತಾರೆ. ಎಂಜಿನ್ನಿನ ಒಳಭಾಗವನ್ನು ತೊಳೆಯುತ್ತಾರೆ.

ಆದರೆ ಬಿಸಿಲಿಗೆ ಕಾದ ಲೋಹ ಕೈ ಸುಡುತ್ತದೆ. ದಣಿವು, ನಿರ್ಜಲೀಕರಣದಿಂದ ಗಮನ ತಪ್ಪುತ್ತದೆ. ಸಿಬ್ಬಂದಿಗೆ ಸಮಯಕ್ಕೆ ಸರಿಯಾಗಿ ನೀರು, ನೆರಳು, ವಿಶ್ರಾಂತಿ ಕೊಡುವುದೂ ವಿಮಾನದ ಸುರಕ್ಷತೆಯ ಭಾಗವೇ. ಏಕೆಂದರೆ ದಣಿದವರ ಕಣ್ಣುತಪ್ಪಿ ಉಳಿದ ಒಂದು ಸ್ಕ್ರೂ ಸಾಕು, ಎಂಜಿನ್ ಹಾಳಾಗಲು.