ಕಾಸು ಪಡೆದು ಮಾರಿದ ಲಸಿಕೆಗೆ ಉಪಕಾರದ ಲೆಕ್ಕ ಏಕೆ?

ಢಾಕಾ ಜತೆಗಿನ ಸಂಬಂಧ ಹದಗೆಟ್ಟಾಗಲೆಲ್ಲ ನಮ್ಮ ಅಂಕಣಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಒಂದು ದೂರು ತಪ್ಪದೆ ಬರುತ್ತದೆ: ಕೋವಿಡ್ ಕಾಲದಲ್ಲಿ ನಾವು ಲಸಿಕೆ ಕೊಟ್ಟು ಕಾಪಾಡಿದೆವು, ಅವರು ಉಂಡ ಮನೆಗೆ ಎರಡು ಬಗೆದರು. ಈ ದೂರಿಗೆ ಬುಡವಿಲ್ಲ. 2021ರಲ್ಲಿ ಮಾತಿಗೆ ತಪ್ಪಿದವರು ನಾವು. ಎರಡನೇ ಅಲೆ ಎದ್ದಾಗ ಲಸಿಕೆಯನ್ನು ಮೊದಲು ನಮ್ಮವರಿಗಾಗಿ ಇಟ್ಟುಕೊಂಡದ್ದನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಯಾವ ಸರ್ಕಾರವಾದರೂ ಹಾಗೇ ಮಾಡುತ್ತಿತ್ತು. ಆದರೆ ಒಂದು ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಕಾದಿದ್ದ ನೆರೆಯವರ ಪಾಲನ್ನೂ ತಡೆದದ್ದು, ಅದೂ ಒಂದು ಸಾಲಿನ ಆದೇಶ ಹೊರಡಿಸದೆ ತಡೆದದ್ದು ತಪ್ಪು.

ದೂರುವವರು ಎತ್ತಿ ತೋರಿಸುವ ಅಂಕಿ 6.63 ಕೋಟಿ. 2021ರ ಮೇ ವರೆಗೆ ಭಾರತದಿಂದ ಹೊರಹೋದ ಒಟ್ಟು ಡೋಸ್‌ಗಳ ಸಂಖ್ಯೆ ಅದು. ವಿದೇಶಾಂಗ ಸಚಿವಾಲಯ ತಾನೇ ಕೊಟ್ಟ ಪಟ್ಟಿಯಲ್ಲಿ ಅದರ ವಿವರವೂ ಇದೆ. ಉಚಿತವಾಗಿ ಕೊಟ್ಟದ್ದು 1.07 ಕೋಟಿ. ದುಡ್ಡಿಗೆ ಮಾರಿದ್ದು 3.57 ಕೋಟಿ. ಉಳಿದದ್ದು ಲಸಿಕೆ ಹಂಚಿಕೆಯ ಜಾಗತಿಕ ಯೋಜನೆಯಾದ ಕೋವ್ಯಾಕ್ಸ್ ಮೂಲಕ ಹೋಯಿತು. ಬಾಂಗ್ಲಾದೇಶಕ್ಕೆ ಹೋದ 1.03 ಕೋಟಿ ಡೋಸ್‌ಗಳಲ್ಲಿ 33 ಲಕ್ಷ ಕೊಡುಗೆ, 70 ಲಕ್ಷ ಖರೀದಿ. ಖರೀದಿಗೆ ಕರಾರಾದದ್ದು ಎಷ್ಟಕ್ಕೆ? 3 ಕೋಟಿಗೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ, ಬೆಕ್ಸಿಮ್ಕೊ ಕಂಪನಿ ಮತ್ತು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಸೇರಿ ಸಹಿ ಹಾಕಿದ್ದವು. ತಿಂಗಳಿಗೆ 50 ಲಕ್ಷದಂತೆ ಆರು ತಿಂಗಳಲ್ಲಿ ಪೂರೈಸಬೇಕಿತ್ತು. ಅರ್ಧದಷ್ಟು ಸರಕಿಗೆ ಮುಂಗಡವೂ ಸಂದಾಯವಾಗಿತ್ತು. ಜನವರಿಯಲ್ಲಿ 50 ಲಕ್ಷ ಬಂತು, ಫೆಬ್ರುವರಿಯಲ್ಲಿ 20 ಲಕ್ಷ. ಅಲ್ಲಿಗೆ ನಿಂತಿತು.

ನಿಂತದ್ದರ ಪರಿಣಾಮ ಏನೆಂದು ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಡ. ತಿಂಗಳು ತಿಂಗಳು ಸರಕು ಬರುತ್ತದೆಂದು ನಂಬಿದ ಬಾಂಗ್ಲಾದೇಶ ಸುಮಾರು 58 ಲಕ್ಷ ಮಂದಿಗೆ ಮೊದಲ ಡೋಸ್ ಹಾಕಿಬಿಟ್ಟಿತ್ತು. ಅಷ್ಟೂ ಜನರಿಗೆ ಎರಡೆರಡು ಡೋಸ್ ಎಂದರೆ 1.16 ಕೋಟಿ ಬೇಕು. ಕೈಯಲ್ಲಿದ್ದದ್ದು 1.03 ಕೋಟಿ. ಹಾಳಾದದ್ದನ್ನೂ ಸೇರಿಸಿದರೆ ಸುಮಾರು 14 ಲಕ್ಷ ಮಂದಿ ಅರ್ಧದಾರಿಯಲ್ಲಿ ಉಳಿದರು. ಏಪ್ರಿಲ್ 26ರಂದು ಅಲ್ಲಿ ಮೊದಲ ಡೋಸ್ ಕೊಡುವುದನ್ನೇ ನಿಲ್ಲಿಸಲಾಯಿತು. ನೇಪಾಳದ ಕತೆಯೂ ಇದೇ. 20 ಲಕ್ಷ ಡೋಸ್ ಖರೀದಿಸಿ ಹಣದ ಬಹುಪಾಲು ಕಟ್ಟಿದ್ದರೂ ಬಂದದ್ದು 10 ಲಕ್ಷ. ಎರಡನೇ ಡೋಸ್‌ಗೆ ಕಾದು ಕೂತವರಲ್ಲಿ 65 ದಾಟಿದ ವೃದ್ಧರೇ ಸುಮಾರು 14 ಲಕ್ಷ.

ಎರಡೂ ದೇಶಗಳದ್ದು ಕೂಡಿಸಿದರೆ 28 ಲಕ್ಷ ಡೋಸ್. ಏಪ್ರಿಲ್ 5ರ ಒಂದೇ ದಿನ ಭಾರತದಲ್ಲಿ ಹಾಕಿದ ಲಸಿಕೆ 43 ಲಕ್ಷ. ಅಂದರೆ ಈ ಇಬ್ಬರು ನೆರೆಯವರಿಗೆ ಸಲ್ಲಬೇಕಿದ್ದ ಎರಡನೇ ಡೋಸ್‌ನ ಈ ಬಾಕಿ ನಮ್ಮ ಒಂದು ದಿನದ ಖರ್ಚಿಗಿಂತ ಕಡಿಮೆ. ಸೀರಂ ಆಗ ತಿಂಗಳಿಗೆ 6 ಕೋಟಿಗೂ ಹೆಚ್ಚು ಡೋಸ್ ತಯಾರಿಸುತ್ತಿತ್ತು. ಈ 28 ಲಕ್ಷ ಅದರ ಶೇಕಡ 5ರಷ್ಟೂ ಆಗದು. ಐದು ವರ್ಷಗಳಿಂದ ‘ನಮ್ಮವರೋ, ನೆರೆಯವರೋ’ ಎಂದು ವಾದ ಹೂಡುವವರು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಿದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲೇ ಲಸಿಕೆ ಇರಲಿಲ್ಲವಲ್ಲ ಎನ್ನುತ್ತಾರೆ. ಇರಲಿಲ್ಲ, ನಿಜ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಲಸಿಕಾ ಕೇಂದ್ರಗಳ ಮುಂದೆ ನಸುಕಿನಿಂದ ಸರದಿ ನಿಂತು ‘ಸ್ಟಾಕ್ ಇಲ್ಲ’ ಎಂಬ ಬೋರ್ಡ್ ನೋಡಿ ವಾಪಸಾದವರಿಗೆ ಅದು ನೆನಪಿದೆ. ಆದರೆ ಆಗ ಕರ್ನಾಟಕ ಸರ್ಕಾರ ಮಾಡಿದ್ದೇನು? ಮೇ 14ರಿಂದ 18–44ರ ವಯೋಮಾನದವರಿಗೆ ಲಸಿಕೆ ನಿಲ್ಲಿಸಿ, ಇದ್ದಬದ್ದ ದಾಸ್ತಾನನ್ನು ಎರಡನೇ ಡೋಸ್‌ಗೆ ಕಾಯುತ್ತಿದ್ದ 45 ಮೀರಿದವರಿಗೆ ತೆಗೆದಿಟ್ಟಿತು. ಶುರು ಮಾಡಿದ್ದನ್ನು ಮೊದಲು ಮುಗಿಸಬೇಕು ಎಂಬ ಸರಿಯಾದ ನಿರ್ಧಾರ ಅದು. ಅದೇ ನಿಯಮ ಬಾಂಗ್ಲಾದೇಶದ ಬೆನಾಪೋಲ್ ಗಡಿಯ ಆಚೆಗೆ ಏಕೆ ಅನ್ವಯವಾಗಬಾರದಿತ್ತು?

ನನಗೆ ಇನ್ನೂ ಅರಗದ ಸಂಗತಿ ಬೇರೆಯೇ ಇದೆ. ಲಸಿಕೆ ರಫ್ತನ್ನು ನಿಷೇಧಿಸಿಲ್ಲ ಎಂದೇ ವಿದೇಶಾಂಗ ಸಚಿವಾಲಯ ಹೇಳುತ್ತಾ ಬಂತು. ಕಾಗದದ ಮಟ್ಟಿಗೆ ಅದು ಸತ್ಯ. ಆದರೆ ಪುಣೆಯಿಂದ ಪೆಟ್ಟಿಗೆ ಹೊರಡಲಿಲ್ಲ. ಆದೇಶವೇ ಇಲ್ಲದಿದ್ದರೆ ಅದರ ಅವಧಿ ಎಷ್ಟೆಂದು ಕೇಳುವುದು ಹೇಗೆ? ವಿನಾಯಿತಿಗೆ ಅರ್ಜಿ ಹಾಕುವುದು ಯಾರಿಗೆ? ಅಮೆರಿಕ ನಮಗೆ ಮಾಡಿದ್ದೂ ಇದನ್ನೇ. ತನ್ನ ರಕ್ಷಣಾ ಉತ್ಪಾದನಾ ಕಾಯ್ದೆ ರಫ್ತು ನಿಷೇಧವಲ್ಲ ಎಂದು ಅದು ಹೇಳುತ್ತಿದ್ದಾಗ, ಕಚ್ಚಾ ಸಾಮಗ್ರಿಯ ರಫ್ತಿಗೆ ಬಿದ್ದ ತಡೆ ತೆಗೆಯಿರಿ ಎಂದು ಸೀರಂ ಮುಖ್ಯಸ್ಥ ಅದಾರ್ ಪೂನಾವಾಲಾ ಏಪ್ರಿಲ್ 16ರಂದು ಅಧ್ಯಕ್ಷ ಬೈಡನ್‌ಗೇ ಬಹಿರಂಗವಾಗಿ ಮೊರೆಯಿಟ್ಟರು. ನಾವೆಲ್ಲ ಅಮೆರಿಕದ ಮೇಲೆ ಸಿಟ್ಟಾದೆವು. ಆ ಸಿಟ್ಟು ನ್ಯಾಯವಾಗಿತ್ತು. ಢಾಕಾದವರ ಸಿಟ್ಟೂ ಅಷ್ಟೇ ನ್ಯಾಯವಾದದ್ದು.

ಐರೋಪ್ಯ ಒಕ್ಕೂಟವನ್ನು ಲಸಿಕೆಯ ಸ್ವಾರ್ಥಕ್ಕಾಗಿ ಜಗತ್ತೇ ಬೈದಿತು. ಆಸ್ಟ್ರಾಜೆನೆಕಾ ಪೂರೈಕೆಗಾಗಿ ಬ್ರಿಟನ್ ಜತೆ ಜಗಳವಾಡಿ, ಉತ್ತರ ಐರ್ಲೆಂಡ್ ಗಡಿಯ ವಿಷಯಕ್ಕೂ ಕೈಹಾಕಿ, ಗಂಟೆಗಳೊಳಗೆ ಹಿಂದೆಗೆದು ಮುಖಭಂಗ ಅನುಭವಿಸಿತು. ಆದರೂ 2021ರ ಜನವರಿಯಲ್ಲಿ ಅದು ತಂದ ರಫ್ತು ಪರವಾನಗಿ ನಿಯಮ ಬರಹದಲ್ಲಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ 300ಕ್ಕೂ ಹೆಚ್ಚು ಅರ್ಜಿಗಳಿಗೆ ಒಪ್ಪಿಗೆ ಸಿಕ್ಕಿತ್ತು, ತಿರಸ್ಕೃತವಾದದ್ದು ಒಂದು: ಇಟಲಿಯಿಂದ ಆಸ್ಟ್ರೇಲಿಯಾಕ್ಕೆ ಹೊರಟಿದ್ದ 2.5 ಲಕ್ಷ ಡೋಸ್. ಎಷ್ಟು ತಡೆದರು, ಯಾರು ತಡೆದರು ಎಂಬುದು ಲೋಕಕ್ಕೆ ಗೊತ್ತು.

ಬರೆದಿಡುವುದು ನಮಗೇನೂ ಹೊಸದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಂತಾಗ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೇ ಬಂದು, ಅಡುಗೆಗೆ ಈರುಳ್ಳಿ ಹಾಕಬೇಡವೆಂದು ತಮ್ಮ ಅಡುಗೆಯವರಿಗೆ ಹೇಳಿದ್ದಾಗಿ ಸಭೆಯಲ್ಲೇ ತಿಳಿಸಿ, ಮುಂದೆ ಮೊದಲೇ ಸೂಚನೆ ಕೊಡಿ ಎಂದು ಕೇಳಿಕೊಂಡರು. 2020ರ ಸೆಪ್ಟೆಂಬರ್ 14ರಂದು ಮತ್ತೆ ಸೂಚನೆಯಿಲ್ಲದೆ ನಿಷೇಧ ಬಂತು. ಢಾಕಾ ಲಿಖಿತವಾಗಿ ಕಳವಳ ತಿಳಿಸಿತು. ಆದರೆ ಅದೇ ನಿಷೇಧದ ನಡುವೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ರೋಸ್ ಈರುಳ್ಳಿ ಬೆಳೆಗಾರರ ಕೂಗಿಗೆ ಕೇಂದ್ರ ಓಗೊಟ್ಟಿತು. 10,000 ಟನ್, ಚೆನ್ನೈ ಬಂದರಿನ ಮೂಲಕ, ಮಾರ್ಚ್ 31ರ ವರೆಗೆ ಎಂದು ಅಧಿಸೂಚನೆ ಹೊರಟಿತು. ಈರುಳ್ಳಿಗೆ ಪ್ರಮಾಣ, ಬಂದರು, ಗಡುವು ಮೂರನ್ನೂ ಬರೆದುಕೊಟ್ಟ ಸರ್ಕಾರವೇ ಆರು ತಿಂಗಳ ನಂತರ ಲಸಿಕೆಗೆ ಏನನ್ನೂ ಬರೆಯಲಿಲ್ಲ.

ಅದರ ಬೆಲೆಯನ್ನು ದೆಹಲಿ ತೆತ್ತಿತು. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕ್ವಾಡ್ ಕೂಟಕ್ಕೆ ಸೇರಿದರೆ ಸಂಬಂಧ ಕೆಡುತ್ತದೆಂದು ಚೀನಾದ ರಾಯಭಾರಿ ಢಾಕಾವನ್ನು ಎಚ್ಚರಿಸಿದ್ದು ಮೇ 10ರಂದು. ಚೀನಾದ 5 ಲಕ್ಷ ಸಿನೋಫಾರ್ಮ್ ಡೋಸ್ ಬಂದಿಳಿದದ್ದು ಮೇ 12ರಂದು. ಬೆನ್ನಿಗೇ ಖರೀದಿಯ ಕರಾರೂ ಆಯಿತು. ಆಸ್ಟ್ರಾಜೆನೆಕಾದ ಎರಡನೇ ಡೋಸ್‌ಗೆ ಜಪಾನ್ ಕೊಟ್ಟ ಸರಕು ಬರುವವರೆಗೆ, ಅಂದರೆ ಜುಲೈ ಕೊನೆಯವರೆಗೆ ಕಾಯಬೇಕಾಯಿತು. ಭಾರತದ ಸರಕು ಮತ್ತೆ ಹೊರಟದ್ದು ಅಕ್ಟೋಬರ್‌ನಲ್ಲಿ.

ಹಾಗಾಗಿ ಈಗ ಬೇಕಿರುವುದು ರಫ್ತು ನಿಯಮದಲ್ಲಿ ಎರಡು ಸಾಲು. ನೆರೆ ದೇಶದಲ್ಲಿ ಮೊದಲ ಡೋಸ್ ಪಡೆದವರಿಗೆ ಬೇಕಾದಷ್ಟು ಎರಡನೇ ಡೋಸ್ ಯಾವ ತಡೆಗೂ ಒಳಪಡದು ಎಂಬುದು ಒಂದು. ತಡೆ ಹೇರುವುದೇ ಆದರೆ ಪ್ರಮಾಣ ಮತ್ತು ಗಡುವಿನೊಂದಿಗೆ ಲಿಖಿತ ಅಧಿಸೂಚನೆ ಹೊರಡಲೇಬೇಕು ಎಂಬುದು ಇನ್ನೊಂದು. ಸಾಂಕ್ರಾಮಿಕದ ನಡುವೆ ಇಂಥದ್ದನ್ನು ಬರೆಯುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದಿಲ್ಲ. ಆಸ್ಪತ್ರೆಗಳು ಖಾಲಿಯಿರುವ ಈ ಹೊತ್ತಿನಲ್ಲೇ ವಾಣಿಜ್ಯ ಸಚಿವಾಲಯ ಇದನ್ನು ಬರೆಯಬೇಕು.