ನೆಲ ಕೊಟ್ಟ ನಾಡು

ನಿರಾಶ್ರಿತರು ಊರಿಗೆ ಹೊರೆಯಾಗುತ್ತಾರೋ ಆಸರೆಯಾಗುತ್ತಾರೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವರನ್ನು ಬರಮಾಡಿಕೊಂಡ ರೀತಿ. ಇದಕ್ಕೆ ಕರ್ನಾಟಕದಲ್ಲೇ ಆರು ದಶಕಗಳ ಸಾಕ್ಷ್ಯವಿದೆ. 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆಯೇ ಗಡಿ ದಾಟಿದ ಸಾವಿರಾರು ಟಿಬೆಟನ್ನರಲ್ಲಿ ಅನೇಕರು ಮೊದಲು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕೂಲಿಗಳಾದರು. ಕೇಂದ್ರ ಸರ್ಕಾರ ಕೇಳಿದಾಗ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲೂ ಟಿಬೆಟನ್ ಕ್ಯಾಂಪ್‌ಗಳು ಎದ್ದವು. ಕೊಟ್ಟದ್ದು ಬರೀ ಅನ್ನವಲ್ಲ. ಒಟ್ಟಾಗಿ ಬಾಳಲು ಒಂದೇ ಕಡೆ ನೆಲ, ಮಕ್ಕಳಿಗೆ ಅವರದೇ ಶಾಲೆ, ಸಹಕಾರ ಸಂಘ ಕಟ್ಟಿಕೊಳ್ಳುವ ಅವಕಾಶ. ಚಳಿನಾಡಿನಿಂದ ಬಂದವರು ಡೇರೆಗಳಲ್ಲಿ ಉಳಿದು, ಕಾಡು ಕಡಿದು, ರಾತ್ರಿ ಆನೆ ಕಾದು, ಮುಸುಕಿನ ಜೋಳ ಬೆಳೆದರು.

ಅದರ ಫಲ ಕ್ಯಾಂಪಿನೊಳಗೇ ಉಳಿಯಲಿಲ್ಲ. ಅವರ ಹೊಲಗಳಲ್ಲಿ ಸುತ್ತಲಿನ ಹಳ್ಳಿಯವರಿಗೆ ಕೂಲಿ ಸಿಕ್ಕಿತು. ಇಂದು ಬೈಲಕುಪ್ಪೆಯ ಟಿಬೆಟನ್ ಸ್ವರ್ಣಮಂದಿರ ನೋಡಲು ಬರುವವರಿಂದ ಪಕ್ಕದ ಕುಶಾಲನಗರದ ಹೋಟೆಲು, ಆಟೋ, ಅಂಗಡಿಗಳಿಗೂ ವ್ಯಾಪಾರ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮೈರಾಡದ ಕಥೆ. 1968ರಲ್ಲಿ ಈ ಸಂಸ್ಥೆ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ. ಆ ಕೆಲಸ ಮುಗಿಯುತ್ತ ಬಂದಂತೆ ಅದು ನಮ್ಮ ಬಡ ಹಳ್ಳಿಗಳತ್ತ ತಿರುಗಿತು. 1980ರ ದಶಕದಲ್ಲಿ ಕುಸಿದ ದೊಡ್ಡ ಸಹಕಾರ ಸಂಘಗಳಿಂದ ಹೊರಬಂದ ಚಿಕ್ಕ ಗುಂಪುಗಳು, ಪರಸ್ಪರ ನಂಬಿಕೆಯ ಮೇಲೆ ಉಳಿತಾಯ ಮಾಡಿ ಸಾಲ ಕೊಡುವುದನ್ನು ಅದು ಗಮನಿಸಿ ಬೆಳೆಸಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿದ್ದರ ಹಿಂದೆ ಈ ಅನುಭವವೂ ಇತ್ತು. ವಾರಕ್ಕೊಮ್ಮೆ ಜಗಲಿಯಲ್ಲಿ ಕೂತು ಪಾಸ್‌ಬುಕ್ಕಿಗೆ ಹತ್ತಿಪ್ಪತ್ತು ರೂಪಾಯಿ ಬರೆಸಿದ ನಮ್ಮ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಬೇರಿನ ಒಂದು ಎಳೆ ನಿರಾಶ್ರಿತರ ಕ್ಯಾಂಪಿಗೆ ಹೋಗಿ ಮುಟ್ಟುತ್ತದೆ.

ನಮ್ಮವರಿಗೇ ತುಂಡು ನೆಲವಿಲ್ಲದಾಗ ಪರದೇಶದವರಿಗೆ ಏಕೆ ಎಂಬ ಆಕ್ಷೇಪವನ್ನು ದ್ವೇಷವೆಂದು ತಳ್ಳಿಹಾಕುವಂತಿಲ್ಲ. ಅದೇ ಸೀಮೆಯ ನಾಗರಹೊಳೆ ಕಾಡಿನಿಂದ ಎಬ್ಬಿಸಲ್ಪಟ್ಟ ಜೇನುಕುರುಬರು ಇಂದಿಗೂ ಭೂಮಿಗಾಗಿ ಹೋರಾಡುತ್ತಿದ್ದಾರೆ. ಇದು ಘೋರ ಅನ್ಯಾಯ. ಆದರೆ ಅದನ್ನು ಮಾಡಿದವರು ಟಿಬೆಟನ್ನರಲ್ಲ. ಸಮುದಾಯವನ್ನು ಚದುರಿಸದೆ, ನೆಲ ಕೊಟ್ಟು, ಹತ್ತಾರು ವರ್ಷ ಬೆನ್ನಿಗೆ ನಿಂತರೆ ಜನ ನೆಲೆಯೂರುತ್ತಾರೆ ಎಂದು ಬೈಲಕುಪ್ಪೆಯಲ್ಲಿ ಕಂಡ ಸರ್ಕಾರ ಆದಿವಾಸಿಗಳಿಗೆ ಅದನ್ನೇ ಮಾಡಲಿಲ್ಲವೇಕೆ ಎಂದು ಕೇಳಬೇಕು. ಟಿಬೆಟನ್ನರಿಗೆ ವಿದೇಶಿ ನೆರವೂ ಇತ್ತು ಎನ್ನುವವರ ಮಾತು ನಿಜ. ಹಾಗಾದರೆ ಮ್ಯಾನ್ಮಾರಿನಿಂದ ಓಡಿಬಂದ, ಅಂಥ ನೆರವಿಲ್ಲದ ರೋಹಿಂಗ್ಯಾಗಳು ಗುಡಿಸಲುಗಳಲ್ಲೇ ಉಳಿದರೆಂದು ಅವರ ಯೋಗ್ಯತೆಯನ್ನು ಅಳೆಯುವುದು ತಪ್ಪಾಗುತ್ತದೆ.

ಕೊಡುಗೆಯನ್ನು ಎತ್ತಿ ಹೇಳುವುದರಲ್ಲೂ ಒಂದು ಅಪಾಯವಿದೆ. ಅದು ಆಶ್ರಯಕ್ಕೆ ತೆರಬೇಕಾದ ಬಾಡಿಗೆಯಾಗಬಾರದು. ಮುದುಕರು, ರೋಗಿಗಳು, ಎಳೆಮಕ್ಕಳು ಏನನ್ನೂ ದುಡಿದು ಕೊಡಲಾರರು. ಜೀವ ಉಳಿಸಿಕೊಳ್ಳಲು ಓಡಿಬಂದದ್ದಷ್ಟೇ ಅವರ ಅರ್ಹತೆ, ಅಷ್ಟು ಸಾಕು. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆ ನಾಗರಿಕರಲ್ಲದವರಿಗೂ ಉಂಟು ಎಂದಿತು. ಆದರೂ ನಮ್ಮಲ್ಲಿ ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ಒಳ್ಳೆಯದಾದದ್ದೂ ಆಯಾ ಕಾಲದ ಸರ್ಕಾರದ ಮನಸ್ಸಿನಿಂದಲೇ ಆಯಿತು, ಹಕ್ಕಾಗಿ ಉಳಿಯಲಿಲ್ಲ. ಬೈಲಕುಪ್ಪೆಯ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಣ್ಣ, ಹುಟ್ಟಿದ ದಿನಾಂಕ ನೋಡುವ ಪೌರತ್ವ ಕಾನೂನಿನ ಪ್ರಕಾರ, ಭಾರತದ ಪ್ರಜೆ. ತಂದೆತಾಯಿ ಇಬ್ಬರೂ ಪ್ರಜೆಗಳಲ್ಲದಿದ್ದರೆ 1988ರಲ್ಲಿ ಅಲ್ಲೇ ಹುಟ್ಟಿದ ತಮ್ಮ ವಿದೇಶಿ. ಅಣ್ಣ ಮತ ಹಾಕಬಹುದು, ತಮ್ಮ ವಿದೇಶಿಯರ ನೋಂದಣಿ ಪ್ರಮಾಣಪತ್ರವನ್ನು ನವೀಕರಿಸುತ್ತಲೇ ಇರಬೇಕು.